ಮೋರಿಯೊಳಗಿನ ಕೈ

ಟಬ್ಬಿನ ನೀರು ಇಳಿಯದೆ ಇವತ್ತಿಗೆ ನಾಲ್ಕನೆಯ ದಿನ. ಬೆಳಿಗ್ಗೆ ಎದ್ದವನೇ ಹಣಮಂತಪ್ಪ ಬಚ್ಚಲಮನೆಗೆ ಹೋಗುವುದು, ನಿನ್ನೆ ಎಷ್ಟಿತ್ತೋ ಅಷ್ಟೇ ನಿಂತಿರುವ ಆ ಕಂದು ನೀರನ್ನು ನೋಡುವುದು, ಹೆಂಡತಿ ಗಂಗುಬಾಯಿ ಕೇಳಿದರೆ ಸಂಜೆ ನೋಡೋಣ ಅನ್ನುವುದು, ಇಷ್ಟೇ ನಡೆದಿತ್ತು. ಇವತ್ತು ಐತವಾರ, ಕಚೇರಿಯಿಲ್ಲ. ದೀಪಾವಳಿಯೂ ನಿನ್ನೆಗೆ ಮುಗಿದಿತ್ತು. ನೆಪಗಳೆಲ್ಲ ತೀರಿಹೋಗಿದ್ದವು. ಆದರೂ ಬಾಗಿಲ ಚೌಕಟ್ಟು ಹಿಡಿದು ನಿಂತವನ ಕಿವಿ ನೀರಿನ ಕಡೆಗಿರಲಿಲ್ಲ, ನಡುಮನೆಯ ಕಡೆಗಿತ್ತು. ಅಲ್ಲಿ ಅವನ ತಾಯಿ ಹೀರಾಬಾಯಿ ಗಂಟು ಕಟ್ಟುತ್ತಿದ್ದಳು. ಒಣಗಿದ ಉಣ್ಣೆಯ ನೂಲಿನ ಲಡಿಗಳನ್ನು ಒಂದರ ಮೇಲೊಂದು ಒತ್ತಿ ಇಡುವ ಮೆತ್ತನೆಯ ಸಪ್ಪಳ, ನಡುನಡುವೆ ಅವಳ ಕೆಮ್ಮು. ಮಧ್ಯಾಹ್ನ ಎರಡರ ಬಸ್ಸಿಗೆ ಭಾಲ್ಕಿಗೆ ಹೋಗಿ ಅಲ್ಲಿಂದ ಖಟಕ ಚಿಂಚೋಳಿಗೆ ಹೋಗುತ್ತೇನೆಂದು ನಿನ್ನೆ ಊಟಕ್ಕೆ ಕೂತಾಗ ಅವಳು ಹೇಳಿದ್ದಳು. ಸೊಸೆಗೆ ತವರಿನಲ್ಲಿ ತಾಯಿಯಿಲ್ಲ, ಬಾಣಂತನ ತಾನೇ ಮಾಡುತ್ತೇನೆ, ಕೂಸು ನಕ್ಕ ಮೇಲೇ ಊರಿಗೆ ಎಂದು ಹೇಳಿ ಬಂದವಳು. ಗಂಗುಬಾಯಿಗೆ ಈಗಷ್ಟೇ ಎಂಟರಲ್ಲಿ ಬಿದ್ದಿತ್ತು.

ಹುಟ್ಟುವ ಕೂಸಿಗೆ ಕಂಬಳಿ ಆಗಬೇಕು, ಸ್ವಂತ ಹಿಂಡಿನ ಉಣ್ಣೆ, ಅಜ್ಜಿಯ ಕೈಯಲ್ಲಿ ನೂತದ್ದು, ಅದರ ಮೇಲೇ ಮೊದಲ ಸಲ ಮಲಗಿಸಬೇಕು. ಇದು ಅವರ ಮನೆತನದ ರೂಢಿ. ಬಂದ ಮೂರು ವಾರದಲ್ಲಿ ಹೀರಾಬಾಯಿ ಅಂಗಳದ ಬಿಸಿಲಿಗೆ ಕೂತು ಅಷ್ಟನ್ನೂ ನೂತು ಮುಗಿಸಿದ್ದಳು. ನೂಲನ್ನು ಸಂತೆಗೆ ಬರುವ ಊರಿನವರ ಕೈಯಲ್ಲಿ ತಮ್ಮ ಮಡೆಪ್ಪನಿಗೆ ಕಳಿಸುವುದು, ಅವನು ಮಗ್ಗಕ್ಕೆ ಹಾಕಿ ನೆಯ್ದು ಕೊಡುವುದು ಎಂದು ಮಾತಾಗಿತ್ತು. ನಿನ್ನೆ ಇದ್ದಕ್ಕಿದ್ದಂತೆ, ನಾನೇ ಒಯ್ತೇನಿ, ಮಂದಿ ಕೈಯಾಗ ಯಾಕ ಕೊಡೋದು, ಅಂದಳು. ಮತ್ತೆ ಯಾವಾಗ ಬರುತ್ತೀ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಹೊರಟಿರುವುದು ನೂಲಿಗಾಗಿಯೋ, ಗುರುವಾರ ತಾನಾಡಿದ ಮಾತಿಗಾಗಿಯೋ? ಕೇಳಿದರೆ ನೂಲಿಗಾಗಿ ಅನ್ನುತ್ತಾಳೆ. ಆ ಉತ್ತರ ಸುಳ್ಳಾಗಿದ್ದರೂ ಅವಳ ಮುಖದಲ್ಲಿ ನಿಜದ ಹಾಗೆಯೇ ಕಾಣುತ್ತದೆ. ಜೀವಮಾನವಿಡೀ ಕುರಿಗಳ ನಡುವೆ ಇದ್ದ ಹೆಂಗಸು, ಮುಖದಲ್ಲಿ ಏನನ್ನೂ ತೋರಿಸದೆ ಇರುವುದನ್ನು ಅವುಗಳಿಂದಲೇ ಕಲಿತಿದ್ದಾಳೆ ಎಂದು ಅವನಿಗೆ ಎಷ್ಟೋ ಸಲ ಅನಿಸಿದೆ.

ಗುರುವಾರ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ದಿನ. ಕಚೇರಿಯ ಅಂಗಳಕ್ಕೆ ನೀರು ಹೊಡೆದು ಮಾವಿನ ತೋರಣ ಕಟ್ಟಿದ್ದರು. ಶುಭ ಸಂದೇಶವನ್ನು ಓದುವವರು ಯಾರು ಎಂದಾಗ ಎಲ್ಲರೂ ಹಣಮಂತಪ್ಪನ ಕಡೆಗೆ ನೋಡಿದರು, ಏಕೆಂದರೆ ಅವನ ವಿಭಾಗದಲ್ಲಿ ಮನೆಯಲ್ಲಿ ಕನ್ನಡ ಆಡುವವನು ಅವನೊಬ್ಬನೇ. ಅವನು ಓದಿದ್ದು ಉರ್ದು ಸಾಲಿಯಲ್ಲಿ. ಕನ್ನಡ ಅವನಿಗೆ ಕುರಿ ಕರೆಯುವ, ಬೈಯುವ, ದೇವರಿಗೆ ಹರಕೆ ಹೇಳುವ ಮಾತು. ಅದರ ಅಕ್ಷರಗಳನ್ನು ಅವನು ಮೀಸೆ ಬಂದ ಮೇಲೆ, ಯಾರಿಗೂ ಕಾಣದ ಹಾಗೆ, ಮಗ್ಗಿ ಪುಸ್ತಕ ಇಟ್ಟುಕೊಂಡು ಕಲಿತಿದ್ದ. ಮೊದಲ ಮೂರು ಸಾಲು ಓದಿದ. ನಾಲ್ಕನೆಯದರಲ್ಲಿ ನಾಲಿಗೆ ನಿಂತುಬಿಟ್ಟಿತು. ಮತ್ತೆ ಮೊದಲಿನಿಂದ ಓದುತ್ತ ಬಂದ, ಮತ್ತೆ ಅಲ್ಲೇ ನಿಂತಿತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿ ಹತ್ತಿರ ಬಂದು ಕಾಗದವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಉಳಿದದ್ದನ್ನು ತಾವೇ ಓದಿ ಮುಗಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನೂ ಸೇರಿ ನಕ್ಕುಬಿಡಬಹುದಿತ್ತು. ಕಾಗದ ಹೋದ ಮೇಲೂ ತನ್ನೆರಡು ಕೈಗಳು ಅದನ್ನು ಹಿಡಿದ ಹಾಗೆಯೇ ಗಾಳಿಯಲ್ಲಿ ಇದ್ದವು ಎಂಬುದು ಅವನಿಗೆ ಆಮೇಲೆ ತಿಳಿಯಿತು. ಪೇಡೆ ಹಂಚಿದರು. ಅದನ್ನು ಎಲೆಯಲ್ಲಿ ಕಟ್ಟಿಕೊಂಡು, ಬಿಸಿಲಿನಲ್ಲಿ, ಕೋಟೆಯ ಗೋಡೆಯ ನೆರಳು ಸಿಕ್ಕಲ್ಲೂ ನಿಲ್ಲದೆ ಮನೆಗೆ ಬಂದ. ಬಂದರೆ ಬಚ್ಚಲಮನೆಯಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ ಟಬ್ಬಿನ ಮೇಲೆ ಬಾಗಿದ್ದಾಳೆ. ಟಬ್ಬಿನ ತುಂಬ ಹುಣಸೆ ಬೀಜ ಅರೆದು ಕುದಿಸಿದ ಗಂಜಿ. ನೂಲಿನ ಲಡಿಗಳನ್ನು ಅದರಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದುತ್ತಿದ್ದಾಳೆ. ಗಂಜಿ ಹಿಡಿಸದಿದ್ದರೆ ಮಗ್ಗದಲ್ಲಿ ಎಳೆ ಕಡಿಯುತ್ತದೆ. ಹಸಿ ಉಣ್ಣೆ, ಬೆಂದ ಹುಣಸೆ ಬೀಜ. ಅವನಿಗೆ ನೆನಪಿರುವ ವಾಸನೆಗಳಲ್ಲೆಲ್ಲ ಹಳೆಯದು. ಆ ವಾಸನೆ ಮೂಗಿಗೆ ಬಂದಾಗ ಅವನೊಳಗೆ ಏನು ಎದ್ದು ನಿಂತಿತೋ!

"ಇದು ಮಂದಿ ಮನಿ ಅದವ್ವಾ. ನೀ ಎಲ್ಲಿ ಹೋದ್ರೂ ಅದನ್ನ ಕುರಿ ಹಟ್ಟಿ ಮಾಡ್ತಿ."

ಅವಳು ಹೂಂ ಅಂದಳು. ಅಷ್ಟೇ. ಅವನು ಪೇಡೆಯನ್ನು ಗೂಡಿನಲ್ಲಿಟ್ಟು ಮಲಗಿಬಿಟ್ಟ.

ಮಂದಿ ಮನೆ ಎಂದರೆ ರಶೀದ ಅಹ್ಮದರ ಮನೆ. ಹಿಂದಿನ ಸರಕಾರದಲ್ಲಿ ಪೇಶ್ಕಾರರಾಗಿದ್ದವರು, ಈಗ ಪಕ್ಕದ ಅರ್ಧದಲ್ಲಿ ತಾವಿದ್ದು ಈ ಅರ್ಧವನ್ನು ಬಾಡಿಗೆಗೆ ಕೊಟ್ಟಿದ್ದರು. ಟಬ್ಬು ಅವರು ಹೈದರಾಬಾದಿನಿಂದ ಬಂಡಿಯ ಮೇಲೆ ತರಿಸಿದ್ದು. ಒಳಗೆ ಬಿಳುಪು, ಹೊರಗೆ ಕಪ್ಪು ಕಬ್ಬಿಣ, ಕೆಳಗೆ ಸಿಂಹದ ಪಂಜದಂಥ ನಾಲ್ಕು ಕಾಲು. ಮನೆ ನೋಡಲು ಬಂದ ದಿನ ಹಣಮಂತಪ್ಪ ಅದನ್ನು ಬೆರಳ ತುದಿಯಿಂದ ಮುಟ್ಟಿ, ಈ ಮನೆಯೇ ಆಗಲಿ ಅಂದಿದ್ದ. ವಾರಕ್ಕೊಮ್ಮೆ ಅದರಲ್ಲಿ ಕೂತು ಮೀಯುವಾಗ, ಬಗದಲ್ ಕಡೆಯ ಅಡವಿಯಲ್ಲಿ ಕುರಿಗಳ ಹಿಂದೆ ಬರಿಗಾಲಲ್ಲಿ ಅಲೆದ ಹುಡುಗ ಇನ್ನಾರೋ ಎಂದು ನಂಬುವುದು ಅವನಿಗೆ ಸುಲಭವಾಗುತ್ತಿತ್ತು. ಟಬ್ಬಿನ ತೂತಿನಿಂದ ಇಳಿದ ನೀರು ಪಕ್ಕದ ಸಣ್ಣ ಗುಂಡಿಗೆ ಬಿದ್ದು, ಅಲ್ಲಿಂದ ಗೋಡೆಯೊಳಗಿನ ಮಣ್ಣಿನ ಕೊಳವೆಯಲ್ಲಿ ಹಿತ್ತಲಿನ ಮೋರಿಗೆ ಹೋಗಬೇಕು. ಈಗ ಗುಂಡಿಯೂ ತುಂಬಿ ನಿಂತಿತ್ತು.

ಧೋತರ ಎತ್ತಿ ಕಟ್ಟಿ ಕೆಲಸಕ್ಕೆ ನಿಂತ. ಟಬ್ಬಿನ ನೀರನ್ನು ಬಕೀಟಿನಿಂದ ಮೊಗೆದು ಹಿತ್ತಲಿಗೆ ಚೆಲ್ಲಿದ. ಗುಂಡಿಯ ಮೇಲಿನ ಕಲ್ಲುಚಪ್ಪಡಿ ಸರಿಸಿದ. ಕೊಳವೆಯೊಳಗೆ ಮೊದಲು ಬಿದಿರ ಕೋಲು ತಳ್ಳಿದ. ಸ್ವಲ್ಪ ದೂರ ಹೋಗಿ ಮೆತ್ತಗೆ ಏನಕ್ಕೋ ತಾಗಿ ನಿಂತಿತು. ಕಬ್ಬಿಣದ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಜಗ್ಗಿದ. ಒಂದು ಚೂರು ಕರಿ ಉಣ್ಣೆ ಬಂತು. ಇನ್ನೊಮ್ಮೆ ಜಗ್ಗಿದರೆ ಅದೂ ಇಲ್ಲ. ಕೋಲಿನಿಂದ ಕುಟ್ಟಿದಷ್ಟೂ ಅದು ಒಳಗೊಳಗೇ ಬಿಗಿಯುತ್ತಿದೆ ಎಂದು ಕೈಗೆ ತಿಳಿಯುತ್ತಿತ್ತು. ಕುದಿನೀರು ಹೊಯ್ಯಲೆಂದು ಒಲೆಯ ಹತ್ತಿರ ಹೋದಾಗ ಗಂಗುಬಾಯಿ, ನಡು ಹಿಡಿದುಕೊಂಡು ಎದ್ದು, ನಡುಮನೆಗೆ ಕೇಳದ ಹಾಗೆ ದನಿ ತಗ್ಗಿಸಿ, ಬಿಸಿನೀರು ಬಿದ್ದರೆ ಗಂಜಿ ಇನ್ನೂ ಅಂಟುತ್ತದೆ ಅಂದಳು. ಆಮೇಲೆ ಹೇಳಿದಳು.

"ಅತ್ತಿ ಅದನ್ನ ಮೋರಿಗಿ ಬಿಡೋರು ಇರಲಿಲ್ರಿ. ಬಾನಿಗಿ ತುಂಬಿ ಹಿತ್ತಲ ಮಣ್ಣಾಗ ಚೆಲ್ತೇನಿ ಅಂದಿದ್ರು. ನೀವು ಅಂದ ಮ್ಯಾಲ ಗಡಬಡಿಸಿ ತೂತಿನ ಬೂಚ್ ಕಿತ್ತರು. ಲಗೂ ಸ್ವಚ್ಛ ಆಗ್ಲಿ ಅಂತ."

ಅವನು ಕುದಿನೀರಿನ ತಪ್ಪೇಲಿಯನ್ನು ಕೆಳಗಿಟ್ಟ. ಹೂಂ ಅಂದ ಆ ಹೊತ್ತಿನಲ್ಲಿ ಅವ್ವನ ಕೈ ನೀರಿನೊಳಗೆ ಬೂಚ್ ಹುಡುಕುತ್ತಿತ್ತು. ಆ ಕೈ ಕಂಡಂತಾಯಿತು. ಕುರಿಯ ಕಾಲಿನ ಮುಳ್ಳನ್ನು ಅದಕ್ಕೆ ತಿಳಿಯದ ಹಾಗೆ ತೆಗೆಯುತ್ತಿದ್ದ ಕೈ, ತನ್ನ ಮಗನ ಮಾತಿಗೆ ಗಾಬರಿಯಾಗಿ ಗಂಜಿಯಲ್ಲಿ ತಡಕಾಡಿದ್ದು. ಬಚ್ಚಲಿಗೆ ಹಿಂತಿರುಗಿ ಗುಂಡಿಯ ಅಂಚಿಗೆ ಕೂತ. ಈ ಕೊಳವೆ ಕಟ್ಟಿಕೊಂಡದ್ದು ನನ್ನಿಂದ. ಉಣ್ಣೆ ಅವಳದು, ಗಂಜಿ ಅವಳದು, ಕಟ್ಟಿದ್ದು ನಾನು. ವಿಚಿತ್ರವೆಂದರೆ ಹೀಗೆ ಅನಿಸಿದ ಮೇಲೆ ಎದೆ ಭಾರವಾಗಲಿಲ್ಲ. ನಾಲ್ಕು ದಿನದಿಂದ ಯಾವ ಕಡೆಗೂ ತಿರುಗದೆ ಅಡ್ಡ ನಿಂತಿದ್ದದ್ದು ಯಾವುದೋ ಒಂದು ಕಡೆಗೆ ತಲೆ ತಿರುಗಿಸಿದ ಹಾಗಾಯಿತು.

ಅಷ್ಟರಲ್ಲಿ ರಶೀದ ಅಹ್ಮದರು ಬಂದರು. ಕೋಲು ಕುಟ್ಟುವ ಸಪ್ಪಳ ಗೋಡೆಯಾಚೆಗೆ ಕೇಳಿರಬೇಕು. ಹಣಮಂತಪ್ಪ ಎದ್ದು ನಿಂತು, ತಪ್ಪಾಯಿತು ಸಾಹೇಬರೇ, ಇವತ್ತೇ ಸರಿ ಮಾಡುತ್ತೇನೆ, ಟಬ್ಬಿಗೆ ಏನೂ ಆಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಅವರು ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತು, ಕೋಲು ಹೇಗೆ ಹಾಕಬೇಕು, ಎಲ್ಲಿಂದ ತಿರುಗಿಸಬೇಕು ಎಂದು ಒಂದೊಂದಾಗಿ ಸಲಹೆ ಕೊಡತೊಡಗಿದರು. ಒಂದೂ ಉಪಯೋಗಕ್ಕೆ ಬರಲಿಲ್ಲ. ಹಾಗೆ ಹೇಳುತ್ತ ಹೇಳುತ್ತ ಅವರ ಮಾತು ಟಬ್ಬಿಗೆ ತಿರುಗಿತು. ಅದು ಬಂದ ದಿನ ಓಣಿಯ ಮಂದಿಯೆಲ್ಲ ನೋಡಲು ಬಂದದ್ದು, ಒಬ್ಬ ಮುದುಕ ಇದು ಯಾರ ಗೋರಿ ಎಂದು ಕೇಳಿದ್ದು. ಅಂಥ ಟಬ್ಬಿನಲ್ಲಿ ದಿನಾ ಮೀಯುತ್ತಿದ್ದಿರಲ್ಲ ಎಂದು ಹಣಮಂತಪ್ಪ ವಿನಯದಿಂದ ಅಂದಾಗ ಸಾಹೇಬರು ಗಡ್ಡ ಸವರಿಕೊಂಡು ಅತ್ತಿತ್ತ ನೋಡಿದರು.

"ಸಚ್ ಮಾತು ಹೇಳ್ಲೇನ್ರಿ? ನಾ ಅದರಾಗ ಒಂದು ದಿನಾನೂ ಕುಂತಿಲ್ಲ. ಕಾಲ ಜಾರ್ತದ ಅಂತ ಹೆದರಿಕಿ. ನಮ್ಮ ಬೇಗಂ ಅದರಾಗ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗಿ ಹಾಕ್ತಿದ್ದಳು. ಎಂಟ್ನೂರು ಕಾಯಿ ಹಿಡೀತದ ನೋಡ್ರಿ, ಬಹುತ್ ಅಚ್ಛಾ ಹಣ್ಣಾಗ್ತಿದ್ವು."

ನಡುಮನೆಯಿಂದ ನಗೆ ಕೇಳಿಸಿತು. ಹೀರಾಬಾಯಿಯ ನಗೆ, ಬಾಯಿಗೆ ಸೆರಗು ಒತ್ತಿಕೊಂಡರೂ ಮೂಗಿನಿಂದ ಹೊರಬಂದದ್ದು. ಹಣಮಂತಪ್ಪ ಟಬ್ಬನ್ನು ನೋಡಿದ. ಬಿಳಿಯ ಹೊಟ್ಟೆ, ನಾಲ್ಕು ಪಂಜ. ಅದರೊಳಗೆ ಎಂಟುನೂರು ಮಾವಿನಕಾಯಿ, ಹುಲ್ಲು, ಕಾವು, ಬೇಸಿಗೆಯ ಆ ಕಮ್ಮನೆಯ ಉಸಿರು. ಎರಡು ವರ್ಷದಿಂದ ಅದರಲ್ಲಿ ತಾನು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಭಂಗಿ ನೆನಪಾಯಿತು. ಅವನಿಗೂ ನಗೆ ಬಂತು. ಹೊಟ್ಟೆಯ ತಳದಿಂದ ಬಂದ ನಗೆ, ತಡೆದರೂ ನಿಲ್ಲದ್ದು. ಸಾಹೇಬರೂ ನಕ್ಕರು. ಕಣ್ಣೊರೆಸಿಕೊಂಡು ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಕಣ್ಣು ಅವನ ಮೇಲಿರಲಿಲ್ಲ, ಗುಂಡಿಯ ನೀರಿನ ಮೇಲಿತ್ತು. ಅಡವಿಯಲ್ಲಿ ಹಿಂಡಿನಿಂದ ಬೇರೆಯಾಗಿ ನಿಂತ ಕುರಿಯನ್ನು ಅವಳು ಹೀಗೆಯೇ ನೋಡುತ್ತಿದ್ದಳು.

"ತಂತಿ ತಗಿ," ಅಂದಳು. "ಅಡ್ಡ ಸಿಕ್ಕದ. ಚುಚ್ಚಿದ್ರ ಬರಂಗಿಲ್ಲ. ಕೈ ಹಾಕು."

ಸೊಸೆಗೆ ಹೇಳಿ ಕುಸುಬೆ ಎಣ್ಣೆ ತರಿಸಿ ಅವನ ಬಲಗೈಗೆ ಬೆರಳ ಸಂದಿನಿಂದ ಹಿಡಿದು ರೆಟ್ಟೆಯವರೆಗೆ ತಾನೇ ಹಚ್ಚಿದಳು. ಮದುವೆಯಲ್ಲಿ ಅರಿಷಿಣ ಹಚ್ಚಿದ ಮೇಲೆ ಅವಳು ಅವನನ್ನು ಹೀಗೆ ಮುಟ್ಟಿದ್ದು ಇವತ್ತೇ. ಅವನು ನೆಲಕ್ಕೆ ಮೈಚಾಚಿ ಮಲಗಿ, ಕೆನ್ನೆಯನ್ನು ತಣ್ಣನೆಯ ಚಪ್ಪಡಿಗೆ ಒತ್ತಿ, ಕೈಯನ್ನು ನೀರಿಗಿಳಿಸಿ ಕೊಳವೆಯೊಳಗೆ ಸರಿಸಿದ. ಮಣ್ಣಿನ ಕೊಳವೆಯ ಒಳಮೈ ಪಾಚಿಯಿಂದ ನುಣ್ಣಗಿತ್ತು. ಮೊಣಕೈ ಹೋಯಿತು. ಇನ್ನೂ ಹೋಯಿತು. ಬೆರಳ ತುದಿಗೆ ಅದು ತಾಗಿತು. ಮೆತ್ತಗೆ, ಅಂಟಂಟಾಗಿ, ಒದ್ದೆ ಕೂದಲಿನಿಂದ ತುಂಬಿದ್ದು. ಒಮ್ಮೆಗೇ ಬಚ್ಚಲಮನೆ ಇಲ್ಲವಾಯಿತು. ಬೋರೆಗಿಡದ ಚುಕ್ಕೆ ಚುಕ್ಕೆ ನೆರಳು, ಮಟಮಟ ಮಧ್ಯಾಹ್ನ, ನೆಲಕ್ಕೆ ಬಿದ್ದು ಕತ್ತು ಚಾಚಿದ ಕರಿ ಕುರಿ, ಅದರ ಕಣ್ಣಲ್ಲಿ ಕಾಣುವ ಆಕಾಶ. ದೊಡ್ಡವರ ಕೈ ಹಿಡಿಸುವುದಿಲ್ಲ, ಹಣಮನ್ನ ಕರೀರಿ ಎಂದು ಸೋದರಮಾವ ಮಡೆಪ್ಪ ಕೂಗುತ್ತಿದ್ದ. ಒಂಬತ್ತು ವರ್ಷದ ಅವನ ಕೈ ಅಷ್ಟು ಸಣ್ಣದು, ಅಷ್ಟು ತಿಳಿವಳಿಕೆಯದು. ಸುತ್ತಲ ನಾಲ್ಕು ಹಟ್ಟಿಯವರು ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಮರಿ ತೆಗೆಯಲು ಅವನನ್ನೇ ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದರು. ಸಾಲಿಗೆ ಹಾಕಿದ ಮೇಲೆ ಆ ಕೈಯಲ್ಲಿ ಉರ್ದು ಬರೆದ, ಅರ್ಜಿ ಬರೆದ, ಮೊನ್ನೆ ಒಂದು ಕಾಗದ ಹಿಡಿದು ನಿಂತ. ಅದರೊಳಗಿದ್ದದ್ದು ಇಷ್ಟು ವರ್ಷ ಎಲ್ಲಿ ಹೋಗಿತ್ತು? ಬೆರಳುಗಳು ಅವನನ್ನು ಕೇಳದೆಯೇ ಆ ಗಂಟಿನ ಸುತ್ತ ನಡೆಯುತ್ತಿದ್ದವು. ಇಲ್ಲಿ ತಲೆ ಇದ್ದ ಹಾಗೆ, ಇಲ್ಲಿ ಹಿಂಗಾಲು ಮಡಚಿದ ಹಾಗೆ.

"ಸಿಕ್ಕದೇನು?"

"ಸಿಕ್ಕದವ್ವಾ. ಗ್ವಾಡಿಗಿ ಒರಗ್ಯದ."

"ಜಗ್ಗಬ್ಯಾಡ. ಕೈ ಅಲ್ಲೇ ಇಟ್ಟು ಮಲ್ಲಯ್ಯನ್ನ ನೆನಿ. ಅದು ಒಂದು ಸಲ ಸಡಲು ಬಿಡ್ತದ, ಆಗ ತಿರುವು. ನಿಂಗ ಗೊತ್ತದ."

ಅವನು ಕಣ್ಣು ಮುಚ್ಚಿದ. ಉಸಿರಿಗೊಂದರಂತೆ ಮನಸ್ಸಿನಲ್ಲೇ ಮೈಲಾರದ ಮಲ್ಲಯ್ಯನ ಹೆಸರು ಹೇಳಿದ. ಬಾಗಿಲಲ್ಲಿ ಸಾಹೇಬರು ಮಾತು ನಿಲ್ಲಿಸಿದ್ದರು. ಕಾಣದ ಕಡೆಗೆ ಕೈ ಚಾಚಿ ಏನೂ ಮಾಡದೆ ಕಾಯುವುದು ಎಷ್ಟು ಹಿತವಾದದ್ದು ಎಂದು ಅವನು ಮರೆತಿದ್ದ. ಅಲ್ಲಿ ಬೇಗ ಎಂಬುದಿಲ್ಲ, ತಪ್ಪು ಓದಿದೆ ಎಂದು ಯಾರೂ ಕೈಯಿಂದ ಕಸಿದುಕೊಳ್ಳುವುದಿಲ್ಲ. ಒಳಗಿರುವುದು ಹೊರಬರಲೆಂದೇ ಇದೆ, ದಾರಿ ಇಟ್ಟವನು ಬೇರೆ ಇದ್ದಾನೆ, ನಾವು ಕೈ ಜೊತೆಗಿಡುವವರು ಮಾತ್ರ ಎಂದು ಅವ್ವ ಆಗ ಹೇಳುತ್ತಿದ್ದಳು. ಎಷ್ಟು ಹೊತ್ತಾಯಿತೋ. ನೀರು ತನ್ನ ಭಾರಕ್ಕೆ ತಾನೇ ಎಲ್ಲೋ ಒಂದು ಎಳೆಯಷ್ಟು ಜಾರಿತು, ಗಂಟು ಕೊಳವೆಯ ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟಿತು, ಅಂಗೈ ಅದರಡಿಗೆ ನುಸುಳಿ ಮೆಲ್ಲಗೆ ತಿರುವಿತು. ಬಂತು. ಬರುತ್ತಲೇ ಇತ್ತು. ಮೊಣಕೈ, ಮುಂಗೈ, ಕೊನೆಗೆ ಬೊಗಸೆ ತುಂಬ ಕರ್ರಗೆ, ಜೋಲುಜೋಲಾಗಿ, ಗಂಜಿಯ ಲೋಳೆಯಿಂದ ಹೊಳೆಯುತ್ತ ಹೊರಗೆ ಬಿತ್ತು. ಅವನು ಎದ್ದು ಕೂತು, ಎರಡೂ ಅಂಗೈ ಮೇಲೆ ಅದನ್ನು ಹಿಡಿದ. ಅಷ್ಟರಲ್ಲಿ ಕೊಳವೆ ಒಮ್ಮೆ ಗುಳಕ್ಕೆಂದು, ಗುಂಡಿಯ ನೀರು ಸುರುಳಿ ಸುತ್ತುತ್ತ ಇಳಿಯತೊಡಗಿ, ಗೋಡೆಯಾಚೆ ಹಿತ್ತಲಿನ ಮೋರಿಯಲ್ಲಿ ಧೋ ಎಂದು ಸುರಿಯುವುದು ಎಲ್ಲರಿಗೂ ಕೇಳಿಸಿತು.

ಹೀರಾಬಾಯಿ ಬಗ್ಗಿ ಅವನ ಬೊಗಸೆಯನ್ನು ನೋಡಿದಳು.

"ಟಗರೇನು, ಹೆಣ್ಣೇನು?"

ಗಂಗುಬಾಯಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕಳು. ಸಾಹೇಬರಿಗೆ ಮೊದಲು ತಿಳಿಯಲಿಲ್ಲ, ತಿಳಿದ ಮೇಲೆ ಅವರ ನಗೆ ನಿಲ್ಲಲಿಲ್ಲ. ಬೇಗಂಗೆ ಹೇಳಬೇಕು ಎನ್ನುತ್ತ ಎದ್ದು ಹೊರಟು, ಬಾಗಿಲಲ್ಲಿ ತಿರುಗಿ, ಅಮ್ಮಾ, ನಿಮ್ಮ ಮಗನ ಕೈಗುಣ ಭಾರೀ ಅದ ಅಂದರು. ನಮ್ಮ ಕಡೀಗೆಲ್ಲ ಗೊತ್ತದ್ರಿ ಸಾಹೇಬ್ರ, ಎಂದು ಅವಳು ಸೆರಗು ಸರಿಮಾಡಿಕೊಂಡಳು.

ನಗೆ ಇಳಿದ ಮೇಲೆ ಬಚ್ಚಲಿನಲ್ಲಿ ತಾಯಿ ಮಗ ಇಬ್ಬರೇ ಉಳಿದರು. ಕಿಂಡಿಯ ಬಿಸಿಲು ಟಬ್ಬಿನ ಅಂಚು ದಾಟಿ ನೆಲಕ್ಕೆ ಇಳಿದಿತ್ತು. ಒಂದು ಗಂಟೆ ಆಗಿರಬೇಕು. ಹೇಳುವುದಾದರೆ ಈಗ ಹೇಳಬೇಕು. "ಅವ್ವಾ, ಗುರುವಾರ ನಾ ಅಂದದ್ದು," ಎಂದು ತೊಡಗಿದ. ಅವಳು ಅವನ ಅಂಗೈಯಿಂದ ಉಣ್ಣೆಯನ್ನು ಎತ್ತಿಕೊಂಡು, ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ಇದೂ ನೂಲಿಗೆ ಆಗುತ್ತದೆ, ತೊಳೆದರೆ ಹೋದದ್ದೇನಿಲ್ಲ ಅಂದಳು. ಮತ್ತೆ, ಕೈ ತೊಳಕೋ, ಅಂದಳು. ಅಷ್ಟರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಅವಳು ಹೇಳಲಿಲ್ಲವೆಂದು ತಾನು ತಡೆಯುವುದೂ ಸರಿಯಲ್ಲ, ಹೋಗುವವರ ಮುಂದೆ ಅಡ್ಡ ನಿಂತು ಕುಟ್ಟುವುದೂ ಸರಿಯಲ್ಲ ಎಂದುಕೊಂಡ. ಕೈ ತೊಳೆದು, ಅಂಗಿ ಹಾಕಿ, ಬಸ್ಸಿನ ಅಡ್ಡೆಗೆ ಟಾಂಗಾ ತರಲು ಹೊರಟ. ಓಣಿಯಲ್ಲಿ ದೀಪಾವಳಿಯ ಹಣತೆಗಳು ಇನ್ನೂ ಗೂಡುಗಳಲ್ಲಿದ್ದವು. ಬಲಗೈಗೆ ಎಣ್ಣೆಯ ನುಣುಪು, ಉಗುರಿನ ಸಂದಿಯಲ್ಲಿ ಉಣ್ಣೆಯ ವಾಸನೆ. ಅದನ್ನು ಒರೆಸಿಕೊಳ್ಳಬೇಕೆಂದು ಅವನಿಗೆ ಅನಿಸಲಿಲ್ಲ. ಎದುರಿಗೆ ಕಚೇರಿಯ ಗೆಳೆಯ ಮಚ್ಛೇಂದ್ರ ಸಿಕ್ಕು ಎಲ್ಲಿಗೆ ಎಂದಾಗ, ಅವ್ವ ಊರಿಗೆ ಹೊಂಟಾಳ, ಕುರಿಯವರು ನಾವು, ನಿಂತಲ್ಲಿ ನಿಲ್ಲೋರಲ್ಲ, ಎಂದು ತಾನೇ ಮೊದಲ ಸಲ ಯಾರಿಗೋ ಹೇಳಿದ. ಹೇಳಿದ ಮೇಲೆ ದಾರಿಯುದ್ದಕ್ಕೂ ಅವನಿಗೆ ಹೆಜ್ಜೆ ಹಗುರವಾಗಿತ್ತು.

ಸುಭಾನನ ಟಾಂಗಾದಲ್ಲಿ ಮುಂದೆಯೇ ಕೂತು ಮನೆಗೆ ಬಂದಾಗ ನೂಲಿನ ಗಂಟು ಹೊಸ್ತಿಲ ಪಕ್ಕದಲ್ಲಿತ್ತು. ಅವ್ವ ಇರಲಿಲ್ಲ. ಬಚ್ಚಲಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ನೀರು ಕಬ್ಬಿಣಕ್ಕೆ ಬೀಳುವ ಸದ್ದು, ಸೀಗೆಪುಡಿಯ ಘಾಟು. ಒಲೆಯ ಮುಂದೆ ಕೂತಿದ್ದ ಗಂಗುಬಾಯಿ ಅವನನ್ನು ನೋಡಿ ಬೆರಳನ್ನು ತುಟಿಗೆ ಒತ್ತಿದಳು. ಅವಳ ಮುಖ ಒಲೆಯ ಕಾವಿಗೋ ಇನ್ನಾವುದಕ್ಕೋ ಕೆಂಪೇರಿತ್ತು.

"ಅತ್ತಿ ತಲಿಗಿ ನೀರ ಹಾಕ್ಕೋಲಾಕತ್ತಾರ್ರಿ. ತಾವಾಗೇ ಸೀಗಿಪುಡಿ ಬೇಡಿ ಇಸ್ಕೊಂಡ್ರು."

ಅವನು ನಿಂತಲ್ಲೇ ನಿಂತ. ಅವರ ಮನೆಯಲ್ಲಿ ಹೆಂಗಸರು ತಲೆಗೆ ನೀರು ಹಾಕಿಕೊಂಡ ದಿನ ಊರ ಸೀಮೆ ದಾಟುವುದಿಲ್ಲ. ಅವ್ವ ಅದನ್ನು ಒಮ್ಮೆಯೂ ಮೀರಿದವಳಲ್ಲ. ಅವಳ ಸ್ವಂತ ತಾಯಿಗೆ ಬೇನೆಯಾಗಿದೆ ಎಂದು ಕರೆ ಬಂದ ದಿನವೂ ಒದ್ದೆಗೂದಲಲ್ಲಿ ಅತ್ತು, ಮರುದಿನ ನಸುಕಿಗೆ ಹೊರಟಿದ್ದಳು. ಹೊರಗೆ ಕುದುರೆ ಕಾಲು ಕುಟ್ಟಿತು. ಸುಭಾನ ಕತ್ತು ಚಾಚಿ, ಅಮ್ಮ ಬರ್ತಾರೇನ್ರಿ, ಹೊತ್ತಾತು ಎಂದು ಕೇಳಿದ. ಹಣಮಂತಪ್ಪ ಹೊಸ್ತಿಲಿಗೆ ಬಂದು ಇಲ್ಲ ಎಂದು ತಲೆಯಾಡಿಸಿದ. ತಲಿಗಿ ನೀರ ಹಾಕ್ಕೊಂಡಾರ, ಅಂದ. ಸುಭಾನ ಮತ್ತೇನೂ ಕೇಳದೆ ಕುದುರೆಯ ಮುಖ ತಿರುಗಿಸಿದ.

ಗಂಟನ್ನು ಎತ್ತಿ ಒಳಗಿನ ಕಟ್ಟೆಯ ಮೇಲಿಟ್ಟು ಬರುವಾಗ ಬಚ್ಚಲಿನಿಂದ ಅವಳ ದನಿ ಬಂತು. ಎಷ್ಟು ಸಮಾಧಾನದ ದನಿಯೆಂದರೆ ದಿನವೂ ಆ ಟಬ್ಬಿನಲ್ಲೇ ಮಿಂದವಳ ಹಾಗಿತ್ತು.

"ಹಣಮಾ, ಬಂದೀ ಏನು? ಇನ್ನ ಎರಡು ಕೊಡ ಕಾಸಪ್ಪಾ. ಇದು ಭಾಳ ದೊಡ್ಡದದ, ನೀರು ನಡಮಟ್ಟಾನೂ ಬಂದಿಲ್ಲ."

ಅವನು ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ತಾನು ಕೂತು, ಕಟ್ಟಿಗೆ ಮುಂದಕ್ಕೆ ತಳ್ಳಿದ.